ಕ್ಯಾನ್ಸರ್ ಔಷಧಿಯೂ ಮ್ಯಾಗ್ನೀಷಿಯಂ ಉಪ್ಪೂ

ಊರಿನಿಂದ ಕ್ಯಾನ್ಸರ್ ಚಿಕಿತ್ಸೆಗೆಂದು ಮುಂಬಯಿಗೆ ಬರುವ ನಂಟರು ನಮ್ಮ ಖೋಲಿಗಳಲ್ಲಿ ಇಳಿದುಕೊಳ್ಳುವುದುಂಟು. 1941ರಲ್ಲಿ ತೆರೆದ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಅವರೊಡನೆ ಹೋಗುವವರೂ, ಔಷಧಿಯ ಚೀಟಿ ಓದುವವರೂ ನಾವೇ. ಆದುದರಿಂದ ಅಂಥ ಚೀಟಿಗಳಲ್ಲಿ ಕಾಣುವ ಮ್ಯಾಗ್ನೀಷಿಯಂ ಎಂಬುದನ್ನು ಈ ಸಲ ಅಭ್ಯಾಸಕ್ಕೆ ತೆಗೆದುಕೊಂಡಿದ್ದೇವೆ.

ಸಿಸ್ಪ್ಲಾಟಿನ್ ಎಂಬುದು ಪ್ಲಾಟಿನಂ ಲೋಹದಿಂದಾದ ಔಷಧಿ. ಪ್ಲಾಟಿನಂ ತಗಡುಗಳ ಮೂಲಕ ವಿದ್ಯುತ್ತನ್ನು ಹಾಯಿಸಿದಾಗ ಸೂಕ್ಷ್ಮಾಣುಗಳು ಇಬ್ಭಾಗವಾಗುವುದು ನಿಂತುಹೋಯಿತೆಂದು ಅಮೆರಿಕೆಯ ಬಾರ್ನೆಟ್ ರೋಸೆನ್‌ಬರ್ಗ್ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದರು. ಮಿತಿಯಿಲ್ಲದೆ ಒಡೆದು ಬೆಳೆಯುವುದೇ ಕ್ಯಾನ್ಸರಿನ ಗುಣವಷ್ಟೆ. 1978ರಲ್ಲಿ ಆ ದೇಶದಲ್ಲಿ ಈ ಔಷಧಿಗೆ ಒಪ್ಪಿಗೆ ದೊರೆಯಿತು.

ಆದರೆ ಇದು ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲದು. ಮ್ಯಾಗ್ನೀಷಿಯಂ ಅನ್ನು ಮರಳಿ ರಕ್ತಕ್ಕೆ ಸೇರಿಸುವ ಅಲ್ಲಿನ ಸಣ್ಣ ನಾಳಗಳು ಕೆಟ್ಟರೆ, ಅದು ಮೂತ್ರದಲ್ಲಿ ಹರಿದುಹೋಗುತ್ತದೆ. ಆಗ ನಿಶ್ಶಕ್ತಿ, ಸ್ನಾಯುಸೆಳೆತ, ನಡುಕ ಬರಬಹುದು. ಕೊರತೆ ಹೆಚ್ಚಾದರೆ ಎದೆಯ ಬಡಿತವೂ ತಪ್ಪಬಹುದು. ಈ ಕೊರತೆಯಿಂದ ಮೂತ್ರಪಿಂಡದ ಹಾನಿ ಇನ್ನೂ ಬಲಿಯುತ್ತದೆ. ಆದುದರಿಂದ ವೈದ್ಯರು ಸಲಾಯಿನ್ ಜೊತೆಗೆ ಮ್ಯಾಗ್ನೀಷಿಯಂ ಸಲ್ಫೇಟನ್ನು, ಸಾಮಾನ್ಯವಾಗಿ 1ರಿಂದ 2 ಗ್ರಾಂನಷ್ಟು, ರಕ್ತನಾಳದ ಮೂಲಕ ಏರಿಸುತ್ತಾರೆ. ಭೇದಿಯಾಗಲೆಂದು ಕೊಡುತ್ತಿದ್ದ ಎಪ್ಸಮ್ ಉಪ್ಪೇ ಇದು. ಹೀಗೆ ಕೊಟ್ಟ ರೋಗಿಗಳಲ್ಲಿ ಮೂತ್ರಪಿಂಡದ ಹಾನಿ ಕಡಿಮೆಯೆಂದು ಕಂಡುಬಂದಿದೆ.

ಹಾಗೆಂದು ಎಲ್ಲ ಔಷಧಿಗೂ ಇದೇ ಮಾತು ಸಲ್ಲದು. ದೊಡ್ಡ ಕರುಳಿನ ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್ ಕೂಡ ಪ್ಲಾಟಿನಂ ಔಷಧಿಯೇ. ಅದರಿಂದ ಕೈಕಾಲು ಜೋಮು ಹಿಡಿಯುತ್ತವೆ. ಅದನ್ನು ತಡೆಯಲು ಕ್ಯಾಲ್ಸಿಯಂ, ಮ್ಯಾಗ್ನೀಷಿಯಂ ಕೊಡುವ ರೂಢಿಯಿತ್ತು. 350ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದರಿಂದ ಪ್ರಯೋಜನ ಕಾಣಲಿಲ್ಲ.

ಇದರಿಂದ ನಾವು ತಿಳಿಯತಕ್ಕದ್ದು ಇಷ್ಟು: ಒಂದು ಔಷಧಿಗೆ ಆಸರೆಯಾದ ಉಪ್ಪು ಇನ್ನೊಂದಕ್ಕೆ ಆಗಲಿಕ್ಕಿಲ್ಲ. ನೆರೆಯವರು ಹೇಳಿದರೆಂದು ಅಂಗಡಿಯಿಂದ ಮ್ಯಾಗ್ನೀಷಿಯಂ ಗುಳಿಗೆ ತಂದುಕೊಡಬಾರದು. ಅದರಿಂದ ಭೇದಿಯಾಗಿ ಮೈಯ ನೀರು ಹೋದರೆ ಮೂತ್ರಪಿಂಡಕ್ಕೆ ಮತ್ತಷ್ಟು ಕೇಡು. ಮೂತ್ರಪಿಂಡ ಸೋತಿದ್ದರೆ ಅದೇ ಉಪ್ಪು ರಕ್ತದಲ್ಲಿ ಏರಿ ಅಪಾಯ ತರುವುದು. ಈಗಾಗಲೇ ಏನಾದರೂ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ವೈದ್ಯರಿಗೆ ಮುಚ್ಚಿಡದೆ ತೋರಿಸಬೇಕು.

ಆಸ್ಪತ್ರೆಯಲ್ಲಿ ಮೂರು ಮಾತು ಕೇಳಿ ಬರೆದುಕೊಳ್ಳೋಣ: ಕೊಡುತ್ತಿರುವ ಔಷಧಿಯ ಹೆಸರೇನು? ರಕ್ತದಲ್ಲಿ ಮ್ಯಾಗ್ನೀಷಿಯಂ, ಕ್ರಿಯಾಟಿನಿನ್ ಎಷ್ಟಿವೆ? ಮನೆಯಲ್ಲಿ ದಿನಕ್ಕೆ ಎಷ್ಟು ನೀರು ಕುಡಿಸಬೇಕು? ಮೂತ್ರ ಕಡಿಮೆಯಾದರೆ, ವಾಂತಿ ನಿಲ್ಲದಿದ್ದರೆ, ಸ್ನಾಯು ಸೆಳೆದರೆ ಮುಂದಿನ ತಾರೀಖಿನವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.