ಹಿರಿಯರ ಆಸರೆಗೆ ಒಂಬತ್ತು ಸೂತ್ರ: ಸೇಡಂನಿಂದ ಚಿಂಚೋಳಿವರೆಗೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯಲ್ಲಿ ಹಿರಿಯರಿಗೆಂದು ಪಿಂಚಣಿ ಇದೆ, ಆಸ್ಪತ್ರೆ ಇದೆ, ಕಾನೂನು ಇದೆ, ಸಹಾಯವಾಣಿಯೂ ಇದೆ. ಇಲ್ಲದಿರುವುದು ಅರ್ಜಿಯ ಬೆನ್ನು ಹತ್ತಿ ಓಡಾಡುವವರು. ಮಗ ಪುಣೆಯಲ್ಲೋ ಹೈದರಾಬಾದಿನಲ್ಲೋ ಕಟ್ಟಡದ ಕೆಲಸಕ್ಕೆ ಹೋಗಿರುತ್ತಾನೆ, ಸೊಸೆಯೂ ಜೊತೆಗಿರುತ್ತಾಳೆ. ಚಿಂಚೋಳಿಯ ಎಷ್ಟೋ ತಾಂಡಾಗಳಲ್ಲಿ ಮೊಮ್ಮಕ್ಕಳನ್ನು ಸಾಕುತ್ತ ಮುತ್ಯಾ, ಆಯಿ ಇಬ್ಬರೇ ಉಳಿದಿರುತ್ತಾರೆ. ಅವರ ಪರವಾಗಿ ಓಣಿಗೆ ಒಬ್ಬರು ನಿಂತರೂ ಬಹಳ ಕೆಲಸ ಆಗುತ್ತದೆ. ನಿವೃತ್ತ ಮೇಷ್ಟ್ರು, ಸ್ತ್ರೀಶಕ್ತಿ ಸಂಘದ ಸದಸ್ಯೆ, ಕಾಲೇಜು ಹುಡುಗ, ಯಾರಾದರೂ ಸರಿ. ಹಾಗೆ ನಿಲ್ಲುವ ಮನಸ್ಸಿದ್ದವರಿಗೆ ಈ ಸೂತ್ರಗಳು.

1. ಸಂಘಕ್ಕಿಂತ ಮೊದಲು ಒಂದು ನೋಟ್‌ಬುಕ್

ಬ್ಯಾನರ್, ಉದ್ಘಾಟನೆ ಆಮೇಲೆ ನೋಡೋಣ. ಮೊದಲು ಓಣಿಯಲ್ಲಿ 60 ದಾಟಿದವರ ಹೆಸರು ಬರೆದುಕೊಳ್ಳಿ. ಯಾರ ಜೊತೆ ಇದ್ದಾರೆ, ಪಿಂಚಣಿ ಪಗಾರ ಬರುತ್ತದೋ ಇಲ್ಲವೋ, ಯಾವ ಬ್ಯಾಂಕು, ಯಾವ ಗುಳಿಗೆ, ದೂರದಲ್ಲಿರುವ ಮಕ್ಕಳ ಫೋನ್ ನಂಬರು ಯಾವುದು ಎಂಬುದೆಲ್ಲ ಅದರಲ್ಲಿರಲಿ. ಒಂಟಿಯಾಗಿರುವವರ ಹೆಸರಿನ ಮುಂದೆ ಗುರುತು ಹಾಕಿ. ಅವರನ್ನು ಕೇಳಿ, ಒಪ್ಪಿದರೆ, ಆ ಹೆಸರುಗಳನ್ನು ಆಶಾ ಕಾರ್ಯಕರ್ತೆಗೂ ಬೀಟ್ ಪೊಲೀಸರಿಗೂ ತಿಳಿಸಿ.

2. ಯಾವ ಪಿಂಚಣಿ ಎಂದು ತಿಳಿದೇ ನಾಡಕಚೇರಿಗೆ ಹೋಗಿ

ಬಡತನ ರೇಖೆಗಿಂತ ಕೆಳಗಿನವರಿಗೆ 60ರಿಂದಲೇ ಇಂದಿರಾಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ ಸಿಗುತ್ತದೆ. 2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷಾ 65 ತುಂಬಿದವರಿಗೆ. ಸಣ್ಣ ರೈತರು, ಕೃಷಿ ಕೂಲಿಕಾರರು, ನೇಕಾರರು, ಅಸಂಘಟಿತ ಕಾರ್ಮಿಕರು ಇದರ ವ್ಯಾಪ್ತಿಗೆ ಬರುತ್ತಾರೆ. ತಿಂಗಳಿಗೆ ₹1,000 ಇದ್ದದ್ದು 2021ರಲ್ಲಿ ₹1,200 ಆಯಿತು. ಒಬ್ಬರಿಗೆ ಒಂದೇ ಸಾಮಾಜಿಕ ಪಿಂಚಣಿ. ಹಾಗಾಗಿ ವಿಧವಾ ವೇತನ ಪಡೆಯುತ್ತಿರುವ ಆಯಿಗೆ 65 ತುಂಬಿದ್ದರೆ ಯಾವುದು ಹೆಚ್ಚು ಅನುಕೂಲ ಎಂದು ಕೇಳಿಕೊಂಡೇ ಅರ್ಜಿ ಹಾಕಿ.

ಅರ್ಜಿ ತಿರಸ್ಕಾರವಾದರೆ ಮೊದಲು ಆಧಾರ್‌ನಲ್ಲಿರುವ ವಯಸ್ಸು ನೋಡಿ. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಅಂದಾಜಿನ ಮೇಲೆ ಜನವರಿ 1 ಎಂದು ಬರೆದಿರುವುದು ನಮ್ಮ ಕಡೆ ಬಹಳ. ಕಣ್ಣಿಗೆ ಎಪ್ಪತ್ತು ಕಾಣುವ ಮುತ್ಯಾಗೆ ಕಾರ್ಡಿನಲ್ಲಿ 57 ಇರುತ್ತದೆ. ಮೊದಲು ಅದು ತಿದ್ದುಪಡಿಯಾಗಲಿ. ಮತದಾರರ ಚೀಟಿ, ರೇಷನ್ ಕಾರ್ಡ್, ಆಧಾರ್ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದೂ ನೋಡಿಕೊಳ್ಳಿ.

3. ರೊಕ್ಕ ನಿಂತಿತೆಂದರೆ ಮೊದಲು ಖಾತೆ ಹುಡುಕಿ

“ಮೂರು ತಿಂಗಳಾತು, ಪಗಾರ ಬಂದಿಲ್ರೀ” ಎಂಬ ಮಾತು ಕೇಳಿದ ತಕ್ಷಣ ತಹಸೀಲ್ ಕಚೇರಿಗೆ ಓಡಬೇಡಿ. ಆಧಾರ್ ಮೂಲಕ ಹೋಗುವ ಹಣ ಪಾಸ್‌ಬುಕ್ಕಿನ ನಂಬರು ನೋಡುವುದಿಲ್ಲ. ಆಧಾರ್‌ಗೆ ಕೊನೆಯದಾಗಿ ಯಾವ ಬ್ಯಾಂಕ್ ಜೋಡಣೆಯಾಗಿದೆಯೋ ಅಲ್ಲಿಗೆ ಜಮಾ ಆಗುತ್ತದೆ. ಸಿಮ್ ಕೊಳ್ಳುವಾಗಲೋ ಸಾಲದ ಗುಂಪಿಗೆ ಸೇರುವಾಗಲೋ ಹೆಬ್ಬೆಟ್ಟು ಒತ್ತಿಸಿಕೊಂಡು ತೆರೆದ ಖಾತೆಯೊಂದು ಎಲ್ಲೋ ಇರುತ್ತದೆ. ಆಯಿ ಹಳೆಯ ಪಾಸ್‌ಬುಕ್ ಹಿಡಿದು ತಿಂಗಳಿಂದ ತಿಂಗಳಿಗೆ ಅಲೆಯುತ್ತಿದ್ದರೆ, ಆ ಇನ್ನೊಂದು ಖಾತೆಯಲ್ಲಿ ಹಣ ಸೇರುತ್ತಲೇ ಇರುತ್ತದೆ.

ಮೈಆಧಾರ್ ಜಾಲತಾಣದಲ್ಲಿ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು ನೋಡಬಹುದು. ಅದಕ್ಕೆ ಒಟಿಪಿ ಬೇಕು, ಒಟಿಪಿಗೆ ಚಾಲ್ತಿಯಲ್ಲಿರುವ ಮೊಬೈಲ್ ನಂಬರು ಬೇಕು. ನಂಬರು ಹಳೆಯದಾಗಿದ್ದರೆ ಆಧಾರ್ ಕೇಂದ್ರದಲ್ಲಿ ಮೊದಲು ಅದನ್ನೇ ಬದಲಾಯಿಸಿ. ಇಷ್ಟೆಲ್ಲ ಸರಿಯಿದ್ದೂ ಹಣ ಬರದಿದ್ದರೆ ಆಗ ಪಿಂಚಣಿ ಆದೇಶದ ಪ್ರತಿ ಹಿಡಿದು ತಹಸೀಲ್ ಕಚೇರಿಗೆ, ಇಲ್ಲವೇ ಹೋಬಳಿಯಲ್ಲಿ ಪಿಂಚಣಿ ಅದಾಲತ್ ನಡೆಯುವ ದಿನ ಅಲ್ಲಿಗೆ ಹೋಗಿ. ವಾಡಿಯವರಿಗೆ ತಾಲ್ಲೂಕು ಕೇಂದ್ರ ಚಿತ್ತಾಪುರ, ಶಹಾಬಾದ್ ಈಗ ತನ್ನದೇ ತಾಲ್ಲೂಕು ಎಂಬುದು ನೆನಪಿರಲಿ.

4. ಹೆಬ್ಬೆಟ್ಟು ಹತ್ತದಿದ್ದರೆ ಬರಿಗೈಲಿ ಮರಳಬೇಡಿ

ಶಹಾಬಾದಿನ ಗಣಿಯಲ್ಲಿ ಫರಸಿ ಎತ್ತಿದ, ಹೊಲದಲ್ಲಿ ತೊಗರಿ ಕೊಯ್ದ ಕೈಗಳಲ್ಲಿ ಬೆರಳಿನ ಗೆರೆಗಳೇ ಸವೆದುಹೋಗಿರುತ್ತವೆ. ಬ್ಯಾಂಕ್ ಮಿತ್ರರ ಮೇಜಿನ ಮೇಲಿನ ಪುಟ್ಟ ಯಂತ್ರದಲ್ಲಿ ಕೆಂಪು ದೀಪ ಹತ್ತುತ್ತದೆ. “ಇನ್ನೊಮ್ಮಿ ಒತ್ರಿ ಮುತ್ಯಾ” ಎನ್ನುತ್ತಾರೆ. ಮುತ್ಯಾ ಬೆರಳನ್ನು ಧೋತರಕ್ಕೆ ಒರೆಸಿ ಒತ್ತುತ್ತಾರೆ, ಮತ್ತೆ ಕೆಂಪು. ಕೊನೆಗೆ “ನಾಳೆ ಬರ್ರಿ” ಎಂಬ ಮಾತು. ನಾಳೆಯೂ ಅದೇ ಬೆರಳು ತಾನೆ! ದಯವಿಟ್ಟು ಅವರನ್ನು ಹಾಗೆ ಮರಳಿ ಕಳಿಸಬೇಡಿ. ಹತ್ತೂ ಬೆರಳು ಪ್ರಯತ್ನಿಸಿ. ಆಗದಿದ್ದರೆ ಪಾಸ್‌ಬುಕ್ ಹಿಡಿದು ಶಾಖೆಗೇ ಕರೆದುಕೊಂಡು ಹೋಗಿ, ಹಣ ತೆಗೆಯುವ ಚೀಟಿಯ ಮೇಲೆ ಹೆಬ್ಬೆಟ್ಟು ಒತ್ತಿಸಿ. ಆಮೇಲೆ ಬಿಡುವಿದ್ದಾಗ ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನೂ ಕಣ್ಣಿನ ಗುರುತನ್ನೂ ಹೊಸದಾಗಿ ಕೊಡಿಸಿ.

70 ದಾಟಿದವರಿಗೆ ಮನೆ ಬಾಗಿಲಲ್ಲೇ ಹಣ ಕೊಡುವ, ಪಡೆಯುವ ಸೌಲಭ್ಯ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಹಾಸಿಗೆ ಹಿಡಿದವರಿದ್ದರೆ ಶಾಖೆಗೆ ಬರಹದಲ್ಲೇ ಅರ್ಜಿ ಕೊಡಿ.

5. ಕಾರ್ಖಾನೆಯಲ್ಲಿ ದುಡಿದವರ ಹಕ್ಕು ಬೇರೆಯೇ ಇದೆ

ವಾಡಿ, ಶಹಾಬಾದ್, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಲ್ಲಿ ಸವೆದ ಜೀವಗಳು ನಮ್ಮ ನಡುವೆ ಎಷ್ಟೋ ಇವೆ. ಭವಿಷ್ಯ ನಿಧಿಯ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷ ಸೇವೆಯಾಗಿದ್ದರೆ ತಿಂಗಳ ಪಿಂಚಣಿಗೆ ಅರ್ಹರು. 2014ರ ಸೆಪ್ಟೆಂಬರ್‌ನಿಂದ ಅದರ ಕನಿಷ್ಠ ಮೊತ್ತ ₹1,000. ಪಿಂಚಣಿದಾರರು ತೀರಿಕೊಂಡರೆ ಹೆಂಡತಿಗೆ ಕುಟುಂಬ ಪಿಂಚಣಿ ಬರಬೇಕು. ಕೇಳುವವರಿಲ್ಲದೆ ಬಿಟ್ಟುಹೋದ ಹಣವಿದು. ನೋಟ್‌ಬುಕ್ಕಿನಲ್ಲಿ ಕಾರ್ಖಾನೆ ಕಾರ್ಮಿಕರ ವಿಧವೆಯರ ಹೆಸರನ್ನು ಪ್ರತ್ಯೇಕವಾಗಿ ಬರೆಯಿರಿ. ಈ ಪಿಂಚಣಿಯ ಜೀವಂತ ಪ್ರಮಾಣಪತ್ರವನ್ನು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಮೊಬೈಲಿನಲ್ಲಿ ಮುಖ ತೋರಿಸಿದರೂ ಆಗುತ್ತದೆ, ಪೋಸ್ಟ್‌ಮನ್ ಮನೆಗೇ ಬಂದೂ ಮಾಡಿಕೊಡುತ್ತಾರೆ. ಭವಿಷ್ಯ ನಿಧಿಯವರು ಪ್ರತಿ ತಿಂಗಳ 27ರಂದು ಜಿಲ್ಲೆ ಜಿಲ್ಲೆಗಳಲ್ಲಿ ‘ನಿಧಿ ಆಪ್ಕೆ ನಿಕಟ್’ ಶಿಬಿರ ನಡೆಸುತ್ತಾರೆ. ತಗಾದೆ ಇದ್ದವರನ್ನು ಅಲ್ಲಿಗೆ ಒಟ್ಟಿಗೇ ಕರೆದೊಯ್ಯಿರಿ.

ಇನ್ನೊಂದು ಮಾತು ಗೊತ್ತಿರುವವರು ಕಡಿಮೆ. ಇಎಸ್‌ಐನಲ್ಲಿ ಕನಿಷ್ಠ ಐದು ವರ್ಷ ಇದ್ದು ವಯೋನಿವೃತ್ತಿಯಾದವರು ವರ್ಷಕ್ಕೆ ಬರೀ ₹120 ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಇಎಸ್‌ಐ ಚಿಕಿತ್ಸೆ ಮುಂದುವರಿಯುತ್ತದೆ.

6. ಗುಳಿಗೆ ತಪ್ಪದಂತೆ ನೋಡಿಕೊಳ್ಳಿ

ಬಿಪಿ, ಶುಗರ್ ಗುಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ತಿಂಗಳಿಗೊಮ್ಮೆ ಯಾರಾದರೊಬ್ಬರು ನಾಲ್ಕು ಮನೆಯ ಚೀಟಿ ಹಿಡಿದು ಹೋಗಿ ತಂದರೆ, ನಾಲ್ವರಿಗೆ ಆಟೋ ಖರ್ಚು ಉಳಿಯುತ್ತದೆ. ದೊಡ್ಡ ಕಾಯಿಲೆಗೆ ಕಲಬುರಗಿಯೇ ಗತಿ. ಜಿಮ್ಸ್ ಆಸ್ಪತ್ರೆ, ಇಎಸ್‌ಐ ಮೆಡಿಕಲ್ ಕಾಲೇಜು ಎರಡೂ ಸೇಡಂ ರಸ್ತೆಯಲ್ಲೇ ಇವೆ. ಹೃದ್ರೋಗಕ್ಕೆ ಜಯದೇವ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಅಲ್ಲಿ ಉದ್ಘಾಟನೆಯಾಯಿತು. ಎದೆನೋವೆಂದರೆ ಸೋಲಾಪುರ, ಹೈದರಾಬಾದ್ ಎನ್ನುತ್ತಿದ್ದವರಿಗೆ ಇದು ದೊಡ್ಡ ಆಸರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಇದೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪಡೆಯಿರಿ. ಆ ಕಾಗದ ಇಲ್ಲದೆ ಹೋಗಿ ಹೊಲ ಒತ್ತೆಯಿಟ್ಟವರಿದ್ದಾರೆ.

7. ಆಸ್ತಿ ಬರೆದುಕೊಡುವ ಮುನ್ನ ಒಂದು ವಾಕ್ಯ ಸೇರಿಸಿ

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಇಲ್ಲಿಯೇ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ಅದರ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ಮಾತು ತಪ್ಪಿದರೆ ಆ ದಾನಪತ್ರ ರದ್ದಾಗಬಹುದು. ಆದರೆ ಷರತ್ತು ಇತ್ತೆಂದು ತೋರಿಸಬೇಕು ಎಂದು 2022ರ ಡಿಸೆಂಬರ್‌ನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ, ಅಂಥ ಷರತ್ತು ಬರಹದಲ್ಲಿದ್ದುದರಿಂದ, ತಾಯಿ ಮಗನಿಗೆ ಕೊಟ್ಟ ಆಸ್ತಿಯ ದಾನಪತ್ರವನ್ನು ಅದೇ ನ್ಯಾಯಾಲಯ ರದ್ದುಪಡಿಸಿತು.

ಆದ್ದರಿಂದ ಉಪನೋಂದಣಿ ಕಚೇರಿಯ ಮುಂದೆ ದಸ್ತಾವೇಜು ಬರೆಸುವಾಗ “ದಾನ ಪಡೆದವರು ದಾನಿಗೆ ಜೀವಮಾನವಿಡೀ ಅನ್ನ, ವಸತಿ, ಔಷಧೋಪಚಾರ ಒದಗಿಸತಕ್ಕದ್ದು” ಎಂಬ ಮಾತು ಅದರಲ್ಲಿ ಇರಲೇಬೇಕು. ಮಗನ ಮೇಲೆ ನಂಬಿಕೆ ಇದ್ದರೂ ಬರೆಸಿ. ನಾಳೆ ಮಗನೇ ಇಲ್ಲದಿದ್ದರೆ ಸೊಸೆ, ಮೊಮ್ಮಕ್ಕಳು ಏನೆನ್ನುತ್ತಾರೋ ಯಾರು ಬಲ್ಲರು? ಪೂರ್ತಿ ಹೊಲ ಬರೆದುಕೊಡುವ ಬದಲು ಒಂದೆರಡು ಎಕರೆ ತಮ್ಮ ಹೆಸರಿನಲ್ಲೇ ಉಳಿಸಿಕೊಳ್ಳಿ ಎಂದೇ ನಾನು ಹಿರಿಯರಿಗೆ ಹೇಳುತ್ತೇನೆ.

ಮಕ್ಕಳು ಕೈಬಿಟ್ಟಿದ್ದರೆ ಜೀವನಾಂಶಕ್ಕೆ ಅರ್ಜಿ ಹಾಕಬೇಕಾದ್ದು ಉಪವಿಭಾಗದ ಸಹಾಯಕ ಆಯುಕ್ತರ ನ್ಯಾಯಮಂಡಳಿಗೆ. ಸೇಡಂ, ಚಿತ್ತಾಪುರ, ಚಿಂಚೋಳಿಯವರಿಗೆ ಅದು ಸೇಡಂನಲ್ಲೇ ಇದೆ. ವಕೀಲರನ್ನು ಇಡಬೇಕೆಂದಿಲ್ಲ. ಹಿರಿಯರಿಗೆ ಓಡಾಡಲು ಆಗದಿದ್ದರೆ ಅವರು ಒಪ್ಪಿಗೆ ಕೊಟ್ಟ ಯಾರಾದರೂ ಅವರ ಪರವಾಗಿ ಅರ್ಜಿ ಹಾಕಲು ಕಾಯ್ದೆಯಲ್ಲೇ ಅವಕಾಶವಿದೆ. ನೋಟಿಸ್ ಜಾರಿಯಾದ 90 ದಿನಗಳಲ್ಲಿ ತೀರ್ಮಾನವಾಗಬೇಕು.

8. ಎರಡು ನಂಬರು ಗೋಡೆಯ ಮೇಲೆ ಬರೆಯಿರಿ

ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಉಚಿತ ಕಾನೂನು ನೆರವಿಗೆ 15100. ಒಲೆಯ ಪಕ್ಕದ ಗೋಡೆಯ ಮೇಲೆ ದಪ್ಪ ಅಂಕಿಗಳಲ್ಲಿ ಬರೆಯಿರಿ. ತಾಂಡಾದ ಆಯಿಗೆ ಲಂಬಾಣಿ, ಶಹಾಬಾದಿನ ನಾನಿಗೆ ಉರ್ದು, ಗಡಿಹಳ್ಳಿಯ ಅವ್ವನಿಗೆ ತೆಲುಗು ಸಲೀಸು. ಅವರ ಮಾತಿನಲ್ಲೇ ಕೇಳಿ ತಿಳಿದುಕೊಂಡು, ಪಕ್ಕದಲ್ಲಿ ಕೂತು ನೀವೇ ಫೋನ್ ಹಚ್ಚಿ.

9. ಜೊತೆಗೆ ಯಾರು, ಯಾವಾಗ ಹೊರಡಬೇಕು

ಕರೆದೊಯ್ಯುವ ಕೆಲಸಕ್ಕೆ ಮಹಿಳೆಯರು ಮುಂದೆ ಬಂದರೆ ಖರ್ಚು ಕಡಿಮೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳು ಅವರಿಗೆ ಉಚಿತ. ಮುತ್ಯಾಗೆ 60 ತುಂಬಿದ್ದರೆ ಗುರುತಿನ ಚೀಟಿ ತೋರಿಸಿ ಟಿಕೆಟ್‌ನಲ್ಲಿ ಶೇ 25 ರಿಯಾಯಿತಿ. ರೈಲಿನಲ್ಲಿ ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಿಂದ ನಿಂತಿದೆ, ಕೆಳಗಿನ ಬರ್ತ್ ಆದ್ಯತೆ ಮಾತ್ರ ಉಳಿದಿದೆ. ಚಿಂಚೋಳಿಗೆ ರೈಲೇ ಇಲ್ಲ, ಬಸ್ಸೇ ಗತಿ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬಿಸಿಲಿನ ಕಾರಣಕ್ಕೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುತ್ತವೆ. ಹಿರಿಯರನ್ನು ಮೊದಲ ಬಸ್ಸಿಗೇ ಕರೆದುಕೊಂಡು ಹೊರಡಿ. ನೀರಿನ ಬಾಟಲಿ, ತಲೆಗೆ ಟವೆಲ್, ಎಲ್ಲ ಕಾಗದಗಳ ಎರಡೆರಡು ಝೆರಾಕ್ಸ್ ಚೀಲದಲ್ಲಿರಲಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಚೀಟಿ ಕೇಳಿ ಪಡೆದು, ಅದರ ನಂಬರನ್ನು ಅಲ್ಲೇ ನೋಟ್‌ಬುಕ್ಕಿಗೆ ಬರೆದುಕೊಳ್ಳಿ. ಮುಂದಿನ ಸಲ ವಿಚಾರಿಸಲು ಮುತ್ಯಾ ಬರಬೇಕಿಲ್ಲ, ನೀವೊಬ್ಬರೇ ಹೋದರಾಯಿತು.