ನೊರೆ ಹೆಚ್ಚಾದರೆ ಚರ್ಮ ಶುದ್ಧವಾದೀತೆ?

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕಬ್ಬಿನ ಕಟಾವು ಸಾಗಿರುವಾಗಲೇ ಚಳಿಯೂ ಬಲಿಯುತ್ತದೆ. ಆ ದಿನಗಳಲ್ಲಿ ನಮ್ಮ ಬಳಿಗೆ ಬರುವ ಚರ್ಮರೋಗಿಗಳಲ್ಲಿ ಹಲವರ ಕಥೆ ಒಂದೇ ತೆರನಾದುದು. ರವದಿಯ ಸುಂಕು ತಾಗಿ ಮೈ ತುರಿಸುತ್ತದೆ. ಸಂಜೆ ಬಟ್ಟೆ ತೊಳೆಯುವ ಸಾಬೂನಿನಿಂದಲೇ ಕೈಕಾಲು ತಿಕ್ಕಿ ಸುಡುನೀರು ಸುರಿದುಕೊಳ್ಳುತ್ತಾರೆ. ಕೆಲವೇ ದಿನಗಳಲ್ಲಿ ಚರ್ಮ ಬಿರಿದು ತುರಿಕೆ ಇಮ್ಮಡಿಸುತ್ತದೆ.

ಇದರ ಕಾರಣವನ್ನು ತಿಳಿಯೋಣ. ಜಿಡ್ಡು ನೀರಿನೊಡನೆ ಬೆರೆಯದು. ಸಾಬೂನಿನ ಅಣುವಿನ ಒಂದು ತುದಿ ಜಿಡ್ಡನ್ನು, ಇನ್ನೊಂದು ತುದಿ ನೀರನ್ನು ಹಿಡಿಯುವುದರಿಂದ ಕೊಳೆ ತೊಳೆದುಹೋಗುತ್ತದೆ. ಇಂಥ ದ್ರವ್ಯಗಳಿಗೆ ಸರ್ಫ್ಯಾಕ್ಟಂಟ್ ಎಂದು ಹೆಸರು. ಅವುಗಳಲ್ಲಿ ತೀಕ್ಷ್ಣವಾದವು ಕೊಳೆಯ ಜಿಡ್ಡು ಯಾವುದು, ಚರ್ಮವನ್ನು ಕಾಯುವ ಸ್ನೇಹಾಂಶ ಯಾವುದು ಎಂಬ ಭೇದವೆಣಿಸದೆ ಎರಡನ್ನೂ ಒಯ್ಯುತ್ತವೆ. ಆರೋಗ್ಯವಂತ ಚರ್ಮ ತುಸು ಆಮ್ಲಗುಣದ್ದು. ಅದರ ಪಿಎಚ್ ಸುಮಾರು 5. ಸಾಬೂನಿನದು 9ರಿಂದ 10. ಕೊಳವೆಬಾವಿಯ ಗಡಸು ನೀರಾದರೆ ಅದರ ಸುಣ್ಣದಂಶವು ಸಾಬೂನಿನೊಡನೆ ಕೂಡಿ ಕರಗದ ಗಸಿಯಾಗಿ ಮೈಗೆ ಅಂಟುತ್ತದೆ. ನೊರೆ ಬಾರದೆಂದು ಜನ ಮತ್ತಷ್ಟು ತಿಕ್ಕುತ್ತಾರೆ!

ಅಂಟುವಾಳಕ್ಕೆ ಸಂಸ್ಕೃತದಲ್ಲಿ ಫೇನಿಲವೆಂಬ ಹೆಸರುಂಟು; ನೊರೆಯುಳ್ಳದ್ದು ಎಂದರ್ಥ. ಅದರಲ್ಲಿಯೂ ಸೀಗೆಕಾಯಿಯಲ್ಲಿಯೂ ಇರುವ ಸಪೋನಿನ್ ನಿಸರ್ಗವೇ ಕೊಟ್ಟ ಸರ್ಫ್ಯಾಕ್ಟಂಟ್. ಆದರೆ ಗಿಡದಿಂದ ಬಂದ ಮಾತ್ರಕ್ಕೆ ಸೌಮ್ಯವೆನ್ನಲಾಗದು. ಅಂಟುವಾಳದ ನೀರು ಕಣ್ಣಿಗೆ ಬಿದ್ದರೆ ಉರಿ ತಾಳಲಾಗದು. ಬಿರಿದ ಚರ್ಮಕ್ಕಂತೂ ಅದನ್ನು ಹಚ್ಚಲೇಬಾರದು. ಗಾಯವಿಲ್ಲದ ಮೈಗೆ ನುಣ್ಣನೆಯ ಕಡಲೆಹಿಟ್ಟು ಇಲ್ಲವೆ ಹೆಸರುಹಿಟ್ಟು ಸಾಕು.

ಅಂಗಡಿಯಲ್ಲಿ ಕೊಳ್ಳುವವರು ಡಬ್ಬಿಯ ಹಿಂಬದಿಯನ್ನು ಓದಬೇಕು. ಡೆಸಿಲ್ ಗ್ಲುಕೋಸೈಡ್, ಕೋಕೋ ಗ್ಲುಕೋಸೈಡ್ ಎಂಬ ಹೆಸರುಗಳಿದ್ದರೆ ಅವು ಸೌಮ್ಯ ಜಾತಿಯವು. ಗ್ಲುಕೋಸಿಗೆ ತೆಂಗು ಅಥವಾ ತಾಳೆಯ ಎಣ್ಣೆಯಿಂದ ಪಡೆದ ಅಂಶವನ್ನು ಕೂಡಿಸಿ ಮಾಡಿದವು. ಸೋಡಿಯಂ ಲಾರಿಲ್ ಸಲ್ಫೇಟ್ ಮೊದಲ ಸಾಲಿನಲ್ಲಿಯೇ ಇದ್ದರೆ, ಮುಂಬದಿಯಲ್ಲಿ ಎಷ್ಟು ಹಸಿರೆಲೆ ಅಚ್ಚಾಗಿದ್ದರೂ ಒಣಚರ್ಮದವರು ಅದನ್ನು ಬಿಡುವುದೇ ಲೇಸು. ಆಯುರ್ವೇದದವರು ಕಾರ್ಖಾನೆಯ ದ್ರವ್ಯವನ್ನು ಹೊಗಳಬಹುದೇ ಎಂದು ಕೆಲವರು ಕೇಳಿಯಾರು. ಚರ್ಮಕ್ಕೆ ಹಿತವಾದುದು ಎಲ್ಲಿಯದಾದರೇನು?

ಹೊಲದಿಂದ ಬಂದವರು ಮೊದಲು ತಿಕ್ಕದೆ ಬರಿ ನೀರು ಸುರಿದು ಸುಂಕನ್ನು ಹೋಗಲಾಡಿಸಬೇಕು. ತಿಕ್ಕಿದರೆ ಅದು ಚರ್ಮದೊಳಕ್ಕೆ ಚುಚ್ಚಿಕೊಳ್ಳುತ್ತದೆ. ನೀರು ಉಗುರುಬೆಚ್ಚಗಿರಲಿ. ಸಾಬೂನು ಕಂಕುಳು, ತೊಡೆಸಂದು, ಪಾದಗಳಿಗೆ ಸಾಕು. ಮೈಯ ತೇವ ಪೂರ್ತಿ ಆರುವ ಮುನ್ನ ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಸವರಬೇಕು. ಮಧುಮೇಹಿಗಳ ಕಾಲಿನ ಬಿರುಕಿನಲ್ಲಿ ಕೀವು, ಬಾವು ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ಅಂದೇ ವೈದ್ಯರನ್ನು ಕಾಣಬೇಕು.