ಕಟ್ಟಿದ್ದು ನಾನೇ ಎನ್ನಲು ಸಾಕ್ಷಿ ಎಲ್ಲಿ?

ಅಮೆರಿಕದಲ್ಲಿ ಗ್ಯಾರೇಜಿನಲ್ಲೇ ವಿಮಾನ ಕಟ್ಟಿ ಹಾರಿಸಲು ಕಾನೂನಿನ ಒಪ್ಪಿಗೆಯಿದೆ. ಅಂಥದ್ದನ್ನು ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ‘ಎಕ್ಸ್‌ಪೆರಿಮೆಂಟಲ್, ಅಮೆಚೂರ್ ಬಿಲ್ಟ್’ ಎಂಬ ವರ್ಗಕ್ಕೆ ಸೇರಿಸುತ್ತದೆ. ನಾನು ಆರ್‌ವಿ ಸರಣಿಯ ಅಲ್ಯೂಮಿನಿಯಂ ಕಿಟ್ ತರಿಸಿ ಕಟ್ಟಿದವನು. ಇಲ್ಲಿನ ನಮ್ಮ ಕನ್ನಡದ ಹುಡುಗರು ರಿವೆಟ್ ಬಗ್ಗೆ, ಎಂಜಿನ್ ಬಗ್ಗೆ ಕೇಳುತ್ತಾರೆ. ಕಟ್ಟಿದ್ದು ನಾನೇ ಎಂದು ತೋರಿಸುವ ಡೈರಿ, ಫೋಟೊ, ಕಾಗದಗಳ ಕಡತದ ಬಗ್ಗೆ ಕೇಳುವವರಿಲ್ಲ. ಅದಕ್ಕೇ ಈ ಏಳು ಮಾತು.

1. ಗಂಟೆಗಳ ಲೆಕ್ಕ ಯಾರಿಗೂ ಬೇಡ. ವಿಮಾನದ ಹೆಚ್ಚಿನ ಭಾಗವನ್ನು ಕಲಿಕೆಗೋ ಹವ್ಯಾಸಕ್ಕೋ ನೀವೇ ತಯಾರಿಸಿ ಜೋಡಿಸಿರಬೇಕು ಎಂಬುದು ನಿಯಮ. ಎಲ್ಲರ ಬಾಯಲ್ಲೂ ಅದು ‘51 ಪರ್ಸೆಂಟ್ ರೂಲ್’. ಈ 51 ಸಮಯದ್ದೂ ಅಲ್ಲ, ಡಾಲರಿನದೂ ಅಲ್ಲ. 8000-38 ಎಂಬ ನಮೂನೆಯಲ್ಲಿ ಪಟ್ಟಿ ಮಾಡಿರುವ ಕೆಲಸಗಳದ್ದು. ಎಂಜಿನ್, ಪ್ರೊಪೆಲ್ಲರ್, ಚಕ್ರ, ಬ್ರೇಕು ಕೊಂಡು ತರಬಹುದು. ಬಣ್ಣ, ಸೀಟಿನ ಹೊದಿಕೆ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಡೈರಿಯಲ್ಲಿ ‘ಸಂಜೆ ಕೆಲಸ ಮಾಡಿದೆ’ ಎಂದರೆ ಏನೂ ಬರೆದಂತಾಗಲಿಲ್ಲ. ‘ಎಡ ರೆಕ್ಕೆಯ ರಿಬ್‌ಗಳನ್ನು ಸ್ಪಾರ್‌ಗೆ ಕೂರಿಸಿ ರಿವೆಟ್ ಹೊಡೆದೆ, ಕೈಪಿಡಿಯ ಇಂಥ ಪುಟ’ ಎಂದು ಬರೆಯಿರಿ.

2. ಫೋಟೊದಲ್ಲಿ ನೀವಿರಬೇಕು. ಕಟ್ಟುವವರೆಲ್ಲ ಹೊಳೆಯುವ ಬಿಡಿಭಾಗದ ಚಿತ್ರ ತೆಗೆಯುತ್ತಾರೆ. ಅದನ್ನು ಮಾಡಿದ್ದು ಯಾರೆಂದು ಚಿತ್ರ ಹೇಳುವುದಿಲ್ಲ. ಕೈಯಲ್ಲಿ ಡ್ರಿಲ್ ಹಿಡಿದು, ಮುಖ ಕಾಣುವ ಹಾಗೆ ನಿಂತುಕೊಳ್ಳಿ. ಹೆಂಡತಿ ನಕ್ಕರೆ ನಗಲಿ, ಫೋಟೊ ತೆಗೆಯುವವರು ಅವರೇ. ಅದರಲ್ಲೂ ಮುಚ್ಚಿಹೋಗುವ ಜಾಗಗಳನ್ನು ಬಿಡಬೇಡಿ: ರೆಕ್ಕೆಯ ಕೆಳತಗಡು ಕೂತ ಮೇಲೆ ಒಳಗಿನ ರಿವೆಟ್ ಸಾಲು ಯಾರಿಗೂ ಪೂರ್ತಿ ಕಾಣದು. ಮುಚ್ಚುವ ಮುಂಚೆ ಹವ್ಯಾಸಿ ವಿಮಾನ ಕಟ್ಟುವವರ ಇಎಎ ಸಂಘದ ಟೆಕ್ನಿಕಲ್ ಕೌನ್ಸಿಲರ್ ಒಬ್ಬರನ್ನು ಕರೆಸಿ. ಅವರು ಸ್ವಯಂಸೇವಕರು, ದುಡ್ಡು ಕೇಳುವುದಿಲ್ಲ. ಬಂದ ದಿನ, ನೋಡಿದ್ದು, ಹೇಳಿದ್ದು ಡೈರಿಗೆ ಹೋಗಲಿ.

3. ಕೂಲಿ ಕೊಟ್ಟು ಮಾಡಿಸಿದ್ದನ್ನು ಮುಚ್ಚಿಡಬೇಡಿ. ಕಿಟ್ ಎಫ್‌ಎಎ ಒಪ್ಪಿದ ಪಟ್ಟಿಯಲ್ಲಿದೆ ಎಂದು ನಿಶ್ಚಿಂತರಾಗಿರುವವರಿದ್ದಾರೆ. ಆ ಒಪ್ಪಿಗೆ, ಕಿಟ್ ಕಂಪನಿ ಮಾಡಿಕೊಟ್ಟದ್ದು ಬಿಟ್ಟು ಉಳಿದ ಕೆಲಸವೆಲ್ಲ ನಿಮ್ಮದೇ ಎಂಬ ನಂಬಿಕೆಯ ಮೇಲೆ ನಿಂತಿದೆ. 8000-38ರ ಪಟ್ಟಿಯಲ್ಲಿನ ಕೆಲಸವೊಂದನ್ನು ಹೊರಗೆ ಮಾಡಿಸಿದರೆ ಎಣಿಕೆ ಬದಲಾಗುತ್ತದೆ. ಹೆಚ್ಚಿನ ಭಾಗ ಕಟ್ಟಿದ್ದು ನೀವೇ ಎಂದು ಘೋಷಿಸುವ 8130-12 ಪತ್ರದಲ್ಲಿ ಅದನ್ನು ಹೇಳಲೇಬೇಕು.

4. ಹೆಸರು. ನಮ್ಮವರಿಗೆ ಇದು ದೊಡ್ಡ ತಲೆನೋವು. ಇನಿಷಿಯಲ್‌ನಲ್ಲಿ ಊರೂ ಇದೆ, ಅಪ್ಪನೂ ಇದ್ದಾರೆ. ಪಾಸ್‌ಪೋರ್ಟಿನಲ್ಲಿ ಒಂದು ರೂಪ, ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು. ಇಲ್ಲಿ ವಿಮಾನದ ತಯಾರಕ ನೀವೇ, ಕಿಟ್ ಕಂಪನಿಯಲ್ಲ. ಬೆಂಕಿಗೂ ಕರಗದ ಲೋಹದ ಫಲಕದಲ್ಲಿ ನಿಮ್ಮ ಹೆಸರು, ಮಾಡೆಲ್, ಸೀರಿಯಲ್ ನಂಬರ್ ಕೊರೆಸಬೇಕು. ಫಲಕ, ನೋಂದಣಿ ಅರ್ಜಿ, ಒಡೆತನದ ಪ್ರಮಾಣಪತ್ರ, ಹಾರಾಟಯೋಗ್ಯತಾ ಪತ್ರಕ್ಕೆ ಹಾಕುವ 8130-6 ಅರ್ಜಿ ನಾಲ್ಕರಲ್ಲೂ ಚುಕ್ಕಿ, ಅಡ್ಡಗೆರೆಯೂ ಸೇರಿ ಒಂದೇ ರೀತಿ ಇರಲಿ. ಇನ್ನೊಂದು ಮಾತು: ನಿಮ್ಮ ಹೆಸರಿನಲ್ಲೇ ನೋಂದಣಿ ಆಗಲು ಪೌರತ್ವ ಇಲ್ಲವೇ ಗ್ರೀನ್ ಕಾರ್ಡ್ ಬೇಕು. ಎಚ್-1ಬಿ ವೀಸಾದಲ್ಲಿರುವವರು ಕಿಟ್ ತರಿಸುವ ಮೊದಲು ವಕೀಲರನ್ನು ಕೇಳಿ.

5. ರಸೀದಿ ಒಂದನ್ನೂ ಎಸೆಯಬೇಡಿ. ಇಷ್ಟೇ.

6. ತೂಕ ಹಾಕುವುದು ಕೊನೆಗೆ, ಬಣ್ಣ ಆದ ಮೇಲೆ. ಮೂರು ಚಕ್ರದ ಕೆಳಗೂ ತಕ್ಕಡಿ, ವಿಮಾನ ಮಟ್ಟಸ. ಖಾಲಿ ತೂಕ ಬರೆದರೆ ಸಾಲದು. ಭಾರಕೇಂದ್ರ ಅತಿ ಮುಂದಕ್ಕೂ ಅತಿ ಹಿಂದಕ್ಕೂ ಹೋಗುವ ಹೊರೆಗಳ ಲೆಕ್ಕ ಬೇರೆ ಹಾಳೆಯಲ್ಲಿರಲಿ. ತಕ್ಕಡಿಯ ಅಂಕಿ ಕಾಣುವ ಫೋಟೊವನ್ನೂ ಜೊತೆಗಿಡಿ.

7. ಹಾರಾಟಯೋಗ್ಯತಾ ಪತ್ರ ಕೈಗೆ ಬಂತೆಂದು ಡೈರಿ ಮುಚ್ಚುವಂತಿಲ್ಲ. ಮೊದಲ ಹಂತದ ಪರೀಕ್ಷಾ ಹಾರಾಟ ಸಾಮಾನ್ಯವಾಗಿ, ಎಂಜಿನ್-ಪ್ರೊಪೆಲ್ಲರ್ ಜೋಡಿ ಪ್ರಮಾಣಿತವಾಗಿದ್ದರೆ 25 ಗಂಟೆ, ಇಲ್ಲದಿದ್ದರೆ 40. ಅದೆಲ್ಲ ಲಾಗ್‌ಬುಕ್ಕಿನಲ್ಲಿರಬೇಕು. ಪ್ರತಿ ವರ್ಷದ ತಪಾಸಣೆಗೆ ನೀವೇ ಸಹಿ ಹಾಕಲು ರಿಪೇರ್‌ಮನ್ ಸರ್ಟಿಫಿಕೇಟ್ ಬೇಕು. ಮುಖ್ಯವಾಗಿ ಕಟ್ಟಿದವರು ನೀವೇ ಎಂದು ತೋರಿಸಲು ಅಲ್ಲಿಯೂ ಇದೇ ಡೈರಿ, ಇದೇ ಫೋಟೊ. ಇಬ್ಬರು ಗೆಳೆಯರು ಸೇರಿ ಕಟ್ಟಿದ್ದರೂ ಅದು ಸಿಗುವುದು ಒಬ್ಬರಿಗೇ. ಅದು ಯಾರ ಹೆಸರಿಗೆ ಎಂಬುದನ್ನು ಮೊದಲ ರಿವೆಟ್ ಹೊಡೆಯುವ ಮುಂಚೆಯೇ ಮಾತಾಡಿಕೊಳ್ಳಿ.